ಬಿಡಿಸದೆ ಉಳಿದ ಪಥ್ಯ

ಸವಣೂರಿನ ಖಲಂದರ ಹಕೀಮರ ಔಷಧಿಗಿಂತ ಅವರ ಪಥ್ಯಕ್ಕೇ ಜನ ಹೆಚ್ಚು ಹೆದರುತ್ತಿದ್ದರು. ಉಪ್ಪು ಬಿಡು ಅಂದರೆ ಬಿಡಬೇಕು. ರೋಗ ಹೋದಮೇಲೆ ಹಕೀಮರೇ ಮನೆಗೆ ಬಂದು ‘ಇನ್ನು ಉಣ್ಣು’ ಎಂದು ಬಾಯಿಬಿಟ್ಟು ಹೇಳಬೇಕು. ಅಲ್ಲಿಯ ತನಕ ಅವರನ್ನು ಕೇಳಿಯೇ ಕೆಮ್ಮುವಂಥ ಭಕ್ತಿ.

೧೯೪೧ರ ಮಳೆಗಾಲದಲ್ಲಿ ಹಕೀಮರು ಯಾರದೋ ಕಾಲುನೋವು ನೋಡಲು ತಡಸ ಊರಿಗೆ ಬಂದಿದ್ದಾಗ ಮುದುಕಿ ತಿಪ್ಪವ್ವ ಹಾದಿಗೆ ಅಡ್ಡ ನಿಂತಳು.

“ಸಾಹೇಬ್ರ, ನನ್ನ ಸೊಸಿ ಪಥ್ಯಾ ಯಾವಾಗ ಬಿಡಸ್ತೀರಿ?”

“ಯಾವ ಪಥ್ಯಾನವ್ವಾ?”

ಕೇಳಿದ ಮೇಲೆ ಹಕೀಮರಿಗೆ ನೆನಪಾಯಿತು. ಹೋದ ವರ್ಷದ ಬೇಸಿಗೆಯಲ್ಲಿ ಈಕೆಯ ಸೊಸೆ ಶಂಕ್ರವ್ವನಿಗೆ ಬಾಣಂತನದಲ್ಲೇ ಜ್ವರ ನೆತ್ತಿಗೇರಿತ್ತು. ಇಳಿಸಿದವರು ಅವರೇ. ತಾವು ಬಂದು ಹೇಳುವ ತನಕ ಉಪ್ಪು ಮುಟ್ಟಬೇಡ, ಕೂಸನ್ನು ಎತ್ತಬೇಡ ಎಂದವರೂ ಅವರೇ. ಆಮೇಲೆ ಮಗಳ ಮದುವೆಯ ಗಡಿಬಿಡಿಯಲ್ಲಿ ತಡಸವೇ ಮರೆತುಹೋಗಿತ್ತು.

“ಯಾರನ್ನರ ಕಳಿಸಿ ಕೇಳಬಾರದಿತ್ತೇನು?”

“ಆಕಿ ಬಿಟ್ರಲ್ರಿ? ಕೇಳಿದ್ರ ಮತ್ತೇನರ ರೋಗ ಐತಿ ಅಂದಾರು ಅಂತ ಹೆದರಿಕಿ. ಕೂಸು ನನ್ನನ್ನ ಅವ್ವಾ ಅಂತೈತ್ರಿ ಈಗ.”

ಮನೆಗೆ ಹೋದರೆ, ಪಡಸಾಲೆಯಲ್ಲಿ ಕೂಸು ಒಂದು ಮೂಲೆಯಲ್ಲಿ ಆಡುತ್ತಿತ್ತು, ತಾಯಿ ಇನ್ನೊಂದು ಮೂಲೆಯಲ್ಲಿ ಕೈಕಟ್ಟಿ ಕೂತಿದ್ದಳು. ಹಕೀಮರನ್ನು ಕಂಡದ್ದೇ ಶಂಕ್ರವ್ವ ಮಾತಿಗೆ ಮುಂಚೆ ನಾಡಿ ತೋರಿಸಲು ಕೈ ಚಾಚಿದಳು. ನಾಡಿ ನೋಡಿದರೆ ರೋಗದ ಸುಳಿವೇ ಇಲ್ಲ, ಬರೀ ಭಯ ಓಡುತ್ತಿತ್ತು.

ಬೇಕಂತಲೇ ಇಷ್ಟು ದಿನ ಪಥ್ಯದಲ್ಲಿ ಇಟ್ಟಿದ್ದೆ, ಇವತ್ತಿಗೆ ಮುಗಿಯಿತು ಎಂದು ಹಕೀಮರು ಹೇಳಿದ್ದರೆ ಸಾಕಿತ್ತು. ತಮ್ಮ ಹೆಸರೂ ಉಳಿಯುತ್ತಿತ್ತು, ಆಕೆಯೂ ಉಣ್ಣುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆಂದರೆ ವರ್ಷವಿಡೀ ತನ್ನ ಮೈಯಲ್ಲಿ ರೋಗ ಕೂತಿತ್ತೆಂದು ಈ ಹೆಣ್ಣು ಸಾಯುವ ತನಕ ನಂಬುತ್ತಾಳೆ. ಸೀನು ಬಂದರೂ ಸವಣೂರಿನ ಹಾದಿ ನೋಡುತ್ತಾಳೆ.

“ತಂಗಿ, ನಿನ್ನ ರೋಗ ಹೋದ ವರ್ಷನ ಹೋಗೇತಿ. ಹೇಳಾಕ ಬರೂದು ನಾ ಮರೆತೆ. ತಪ್ಪು ನಂದು.”

ತಿಪ್ಪವ್ವ ಹಣೆ ಬಡಿದುಕೊಂಡು ಬಾಯಿಗೆ ಬಂದಂತೆ ಬೈದಳು. ಹಕೀಮರು ತಲೆ ತಗ್ಗಿಸಿ ಬೈಸಿಕೊಂಡರು. ಬೈಸಿಕೊಳ್ಳಬೇಕಾದದ್ದೇ.

“ಹಂಗಾರ ಇಷ್ಟು ದಿನಾ ನನಗ ಏನೂ ಆಗಿರಲಿಲ್ಲೇನ್ರಿ?” ಶಂಕ್ರವ್ವ ಮೆಲ್ಲಗೆ ಕೇಳಿದಳು.

“ಏನೂ ಇಲ್ಲವ್ವಾ.”

“ಇನ್ನ ಉಪ್ಪು ಎಷ್ಟು ಹಾಕ್ಕೋಬೇಕ್ರಿ? ಕೂಸನ್ನ ಎಷ್ಟೊತ್ತು ಎತ್ತಿಕೋಬೇಕು?”

ಅಭ್ಯಾಸಬಲದಿಂದ ತೆರೆದ ಬಾಯನ್ನು ಹಕೀಮರು ಗಟ್ಟಿಯಾಗಿ ಮುಚ್ಚಿಕೊಂಡರು.

“ಅದನ್ನ ನಾ ಹೇಳೂದಿಲ್ಲ. ನಿನಗ ಗೊತ್ತಾಗತೈತಿ. ನಾ ಇಲ್ಲೇ ಕುಂತಿರ್ತೇನಿ.”

ಆಕೆ ಮತ್ತೊಮ್ಮೆ ಕೇಳಿದಳು. ಅವರು ಗೋಡೆಗೆ ಒರಗಿ ಕೂತರು. ಕೊನೆಗೆ ಶಂಕ್ರವ್ವ ಎದ್ದಳು, ಹೋಗಿ ಕೂಸನ್ನು ಎತ್ತಿದಳು. ಗುರುತಿಲ್ಲದ ಕೈ, ಕೂಸು ಕಿಟಾರನೆ ಕಿರುಚಿ ಅಜ್ಜಿಯತ್ತ ವಾಲಿತು. ಓಡಲು ಹೊರಟ ತಿಪ್ಪವ್ವನನ್ನು ಹಕೀಮರು ಕೈಸನ್ನೆಯಿಂದ ತಡೆದರು. ಶಂಕ್ರವ್ವ ಕೂಸನ್ನು ಬಿಡಲಿಲ್ಲ. ಏನೇನೋ ಗುನುಗುತ್ತ ಅಂಗಳಕ್ಕೆ ಒಯ್ದು ಕರು ತೋರಿಸಿದಳು. ಅಳು ಬಿಕ್ಕಾಯಿತು, ಬಿಕ್ಕು ನಿಂತಿತು.

“ಬರ್ತೇನಿ, ತಂಗಿ,” ಎಂದರು ಹಕೀಮರು.

“ಹೂಂನ್ರಿ,” ಎಂದಳು ಶಂಕ್ರವ್ವ, ಕೂಸಿನ ಮೂಗು ಒರೆಸುತ್ತ. ಮತ್ತೆ ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ಹಕೀಮರಿಗೆ ಕೊಂಚ ಬೇಜಾರಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.