ಗುಟ್ಟೆಪಾಳ್ಯದ ಗುಪ್ತದಾನ

ಅಜ್ಜಿಯರ ಕತೆಯಲ್ಲಿ ಊರಿಗೆ ಒಬ್ಬನೇ ರಾಜ. ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿ, ಬೆಟ್ಟ ಬೆನ್ನ ಹಿಂದೆ ಬೋರಲು ಹಾಕಿದ ಬಟ್ಟಲಿನಷ್ಟಾದ ಮೇಲೆ ಸಿಗುವ ಗುಟ್ಟೆಪಾಳ್ಯದಲ್ಲಿ ಮಾತ್ರ ರಾಜರಿಗೆ ಕೊರತೆಯೇ ಇರಲಿಲ್ಲ. ನಾಲ್ಕು ಕಾಸು ಕಂಡವರೆಲ್ಲ ರಾಜರೇ, ಎಲ್ಲರಿಗೂ ತಮ್ಮ ಹೆಸರಿನದೊಂದು ಶಾಸನ ಬೇಕು. ಬಂಡೆಯ ಮೇಲೆ ಕೆತ್ತಿಸುವ ಕಾಲ ಹೋಗಿ ಈಗ ಪೇಂಟಿನ ಕಾಲ ಬಂದಿತ್ತು. ಪೇಂಟು ಬಳಿಸಿಕೊಳ್ಳಲು ಸರ್ಕಾರಿ ಪ್ರಾಥಮಿಕ ಶಾಲೆಯಂಥ ಬಡಪಾಯಿ ಇನ್ನೆಲ್ಲಿ ಸಿಕ್ಕೀತು?

ಎರಡು ಕೋಣೆ, ಒಂದು ಜಗಲಿ, ಒಂದು ಅಡುಗೆಮನೆಯ ಆ ಶಾಲೆಯೊಳಗೆ ಕಾಲಿಟ್ಟರೆ ಅಆಇಈಗಿಂತ ಮೊದಲು ದಾನಿಗಳೇ ಎದುರಾಗುತ್ತಿದ್ದರು. ಗಡಿಯಾರದ ಮುಖದ ತುಂಬ 'ಶ್ರೀಮತಿ ನಾಗರತ್ನಮ್ಮ, ಮಾಜಿ ಅಧ್ಯಕ್ಷರು, ಗ್ರಾಮ ಪಂಚಾಯ್ತಿ' ಎಂದು ಬರೆದಿದ್ದರಿಂದ ಗಂಟೆ ನೋಡಬೇಕಾದವರು ಆಕೆಯ ಅಕ್ಷರಗಳ ಸಂದಿಯಲ್ಲಿ ಮುಳ್ಳನ್ನು ಹುಡುಕಬೇಕಿತ್ತು. ಫ್ಯಾನಿನ ಒಂದೊಂದು ರೆಕ್ಕೆಯ ಮೇಲೂ ಆಕೆಯ ಅತ್ತೆಯೊಬ್ಬರು, ಮಾವನೊಬ್ಬರು, ಗಂಡನೊಬ್ಬರು. ಕರೆಂಟು ಬಂತೆಂದರೆ ಇಡೀ ವಂಶವೇ ಮಕ್ಕಳ ನೆತ್ತಿಯ ಮೇಲೆ ಗಿರಗಿರನೆ ತಿರುಗುತ್ತಿತ್ತು. ಬಿಸಿಯೂಟದ ತಟ್ಟೆ ಕೊಡಿಸಿದವರು ಹುಣಸೆಹಣ್ಣಿನ ಮಂಡಿಯ ಮಹಾಲಿಂಗಯ್ಯ. ತಳದಲ್ಲಿ ಹೆಸರಿನ ಜೊತೆ ಮುಖವೂ ಅಚ್ಚಾಗಿದ್ದರಿಂದ, ಸಾರನ್ನ ಉಂಡು ಮುಗಿಯುತ್ತಿದ್ದಂತೆ ತಟ್ಟೆಯೊಳಗಿಂದ ಮಹಾಲಿಂಗಯ್ಯನವರು ಮೆಲ್ಲಗೆ ಎದ್ದು ಬರುತ್ತಿದ್ದರು. ಅವರ ಮುಖ ನೋಡುವ ಭಯಕ್ಕೆ ಅನ್ನ ಬಿಟ್ಟೇಳುವ ಮಕ್ಕಳೂ ಇದ್ದವು.

ತಟ್ಟೆಯ ಮೇಲಿನದನ್ನು ಬಿಟ್ಟು ಮಿಕ್ಕ ಹೆಸರುಗಳನ್ನೆಲ್ಲ ಬರೆದವನು ಬೋರ್ಡು ಬರೆಯುವ ತಿಪ್ಪೇಶ. ಅವನ ಹೆಂಡತಿ ವನಜಾಕ್ಷಿ ಶಾಲೆಯ ಮೇಲುಸ್ತುವಾರಿ ಸಮಿತಿಯ ಸದಸ್ಯೆ. ಸಮಿತಿಯಲ್ಲಿ ಹೆಂಗಸರಿರಬೇಕು, ಕಾಲೋನಿಯವರೂ ಇರಬೇಕು ಎಂಬುದು ನಿಯಮ. ಈಕೆಯೊಬ್ಬಳನ್ನು ಕೂರಿಸಿದರೆ ಎರಡೂ ಒಟ್ಟಿಗೆ ತೀರುತ್ತವೆಂದು ಸಮಿತಿಯ ಅಧ್ಯಕ್ಷ ಪರಮೇಶ್ ಎಣಿಸಿದ್ದ. ಕೂರಿಸಿದ್ದೂ ಕುರ್ಚಿಯ ಮೇಲಲ್ಲ, ಒಂದನೇ ಕ್ಲಾಸಿನ ಮಕ್ಕಳ ಬೆಂಚಿನ ಮೇಲೆ. ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು ಅವಳು ಎಲ್ಲ ಸಭೆಗಳನ್ನೂ ನೋಡಿದ್ದಳು.

ಆ ವರ್ಷ ಶಾಲೆಗೆ ಐವತ್ತು ತುಂಬಿತು. ಪರಮೇಶ್ ಮೊದಲು ಮಾಡಿದ ಕೆಲಸ ಫ್ಲೆಕ್ಸು ಹಾಕಿಸಿದ್ದು. 'ಶಾಲೆಗಾಗಿ ನಾವು' ಎಂಬ ಅಕ್ಷರಗಳ ಕೆಳಗೆ ಶಾಲೆ ಎಲ್ಲೂ ಇರಲಿಲ್ಲ. ಅವನೂ ಅವನ ಗೆಳೆಯರೂ ಮೊಬೈಲು ಕಿವಿಗಿಟ್ಟುಕೊಂಡು ನಗುತ್ತಿದ್ದರು. ಆಮೇಲೆ ದಾನಿಗಳ ಸಭೆ ಕರೆದ.

"ಕಮಾನು ನಂದು," ಅಂದರು ಮಹಾಲಿಂಗಯ್ಯ, ಯಾರೂ ಬಾಯಿ ಬಿಡುವ ಮೊದಲೇ. "ನಮ್ಮಪ್ಪಾರ ಹೆಸ್ರು ನೆತ್ತಿ ಮ್ಯಾಲೆ. ಬಸ್ಸಲ್ಲಿ ಹೋಗೋರೂ ಓದ್ಕಳೋ ಹಂಗಿರ್ಬೇಕು ಅಕ್ಷರ."

"ಸರಸ್ವತಿ ವಿಗ್ರಹ ನಂದು," ಅಂದರು ನಾಗರತ್ನಮ್ಮ. "ಪೀಠ ಒಂಚೂರು ಅಗಲ ಇರ್ಲಿ ಮೇಷ್ಟ್ರೇ. ನಮ್ಮನೆಯೋರೆಲ್ಲ ಹಿಡಿಸ್ಬೇಕಲ್ಲ."

ಮುಖ್ಯೋಪಾಧ್ಯಾಯ ಅಂಬರೀಶ್ ಎರಡಕ್ಕೂ ತಲೆಯಾಡಿಸಿದರು. 'ಬೇಡ' ಎಂಬ ಮಾತನ್ನು ಅವರು ಟ್ರೇನಿಂಗಿನ ದಿನಗಳಲ್ಲೇ ಎಲ್ಲೋ ಮರೆತು ಬಂದಿದ್ದರು.

ಬೆಂಚಿನ ಮೇಲಿಂದ ವನಜಾಕ್ಷಿ ಎದ್ದಳು. "ಹೆಣ್ಮಕ್ಳಿಗೊಂದು ಕಕ್ಕಸು ಕಟ್ಟಿಸ್ಬುಡಿ. ಕಮಾನು ಆಮ್ಯಾಕಾಗ್ಲಿ."

ಮಂಗಳಾರತಿಯ ನಡುವೆ ಯಾರೋ ಸೀನಿದಂತೆ ಎಲ್ಲರೂ ತಿರುಗಿ ನೋಡಿದರು.

"ಒಳ್ಳೇ ಕೆಲ್ಸದ ಮಾತಾಡೋವಾಗ ಎಂಥ ಮಾತು ತಗೀತೀಯಮ್ಮ?" ಅಂದ ಪರಮೇಶ್.

"ತಟ್ಟೆ ಕೊಟ್ಟಿದ್ದೀರ, ಅನ್ನ ಹಾಕಿಸ್ತೀರ. ಒಳಕ್ಕೋಗಿದ್ದು ಹೊರಕ್ಕೂ ಬರ್ಬೇಕಲ್ಲ ಸಾ."

ಮಹಾಲಿಂಗಯ್ಯನವರು ಮಗುವಿಗೆ ತಿಳಿಹೇಳುವ ದನಿ ತೆಗೆದರು. "ಕಟ್ಟಿಸ್ಬೌದು ಕಣಮ್ಮ, ಬ್ಯಾಡ ಅಂದೋರ್ಯಾರು? ಆದ್ರೆ ಅದ್ರ ಮ್ಯಾಲೆ ಯಾರ ಹೆಸ್ರು ಬರೆಸೋದು?"

"ಬರೆಸ್ದೇ ಇದ್ರಾಯ್ತು."

ಜಗಲಿಯಲ್ಲಿ ನಗೆ ಎದ್ದಿತು. ಬಾಗಿಲೇ ಇಡದೆ ಮನೆ ಕಟ್ಟಿರೆಂದು ಯಾರೋ ಹೇಳಿದಂತೆ ನಕ್ಕರು.

"ಗುಪ್ತದಾನ ಶ್ರೇಷ್ಠ ಅಂತ ದೊಡ್ಡೋರು ಹೇಳ್ತಾರೆ," ಎಂದು ಅಂಬರೀಶ್ ಮೇಷ್ಟ್ರು ನೆಲಕ್ಕೆ ಹೇಳಿದರು.

"ಶ್ರೇಷ್ಠವೇ, ಇಲ್ಲ ಅಂದೋರ್ಯಾರು," ಅಂದರು ನಾಗರತ್ನಮ್ಮ. "ಆದ್ರೆ ಗುಪ್ತದಾನ ಮಾಡಿದ್ದು ಯಾರು ಅಂತ ನಾಕು ಜನಕ್ಕೆ ಗೊತ್ತಾಗ್ಬೇಕಲ್ಲ ಮೇಷ್ಟ್ರೇ!"

ಈ ಮಾತಿಗೆ ಸಭೆ ಒಮ್ಮತದಿಂದ ತಲೆದೂಗಿತು.

ವನಜಾಕ್ಷಿಗೆ ಇದು ಸಭೆಯ ಮಾತಾಗಿರಲಿಲ್ಲ, ಮನೆಯ ಸಂಕಟವಾಗಿತ್ತು. ಅವಳ ಮಗಳು ಲೋಹಿತಾ ಅದೇ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಶಾಲೆಯ ಹಿಂದಿನ ಹಳೆಯ ಕಕ್ಕಸಿನ ಸೂರು ಕುಸಿದು, ಬಾಗಿಲು ಯಾರದೋ ಕುರಿರೊಪ್ಪಕ್ಕೆ ಸೇರಿ, ರಸ್ತೆಗೆ ಮುಖ ಮಾಡಿದ ಗೋಡೆಯೊಂದು ಮಾತ್ರ ಉಳಿದಿತ್ತು. ಹೊಸದು ಕೊಡಿ ಎಂದು ಬರೆದ ಅರ್ಜಿ ಎಲ್ಲೋ ತೂಕಡಿಸುತ್ತಿತ್ತು. ಗಂಡುಹುಡುಗರಿಗೆ ಬೇಲಿಯಿತ್ತು. ಹುಡುಗಿಯರು ಒಂದು ಉಪಾಯ ಕಂಡುಕೊಂಡಿದ್ದರು: ಬೆಳಿಗ್ಗೆಯಿಂದ ನೀರನ್ನೇ ಕುಡಿಯದಿರುವುದು. ಲೋಹಿತಾ ಆ ಉಪಾಯದಲ್ಲಿ ಎಲ್ಲರಿಗಿಂತ ಜಾಣೆ. ಸಾರನ್ನೂ ಬಿಟ್ಟು ಬರೀ ಅನ್ನ ಉಣ್ಣುತ್ತಿದ್ದಳು. ಕಡೆಗೆ ಉರಿಮೂತ್ರ, ಜ್ವರ, ಆಸ್ಪತ್ರೆ. "ಮಗುಗೆ ನೀರು ಕುಡ್ಸಲ್ವೇನಮ್ಮ?" ಎಂದು ಡಾಕ್ಟರಮ್ಮ ಗದರಿದಾಗ ವನಜಾಕ್ಷಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯಲಿಲ್ಲ.

"ಅಂಗಾರೆ ಸ್ಕೂಲು ಬುಡಿಸ್ಬುಡು," ಅಂದಳು ಅತ್ತೆ ಓಬಳಮ್ಮ. "ದಸರಾ ರಜ ಕಳೀಲಿ, ಸಿರಾದಾಗೆ ನನ್ ಮಗಳ ಮನೆಗೆ ಕಳ್ಸಾನ. ಅಲ್ಲೇ ಇದ್ಕಂಡು ಓದಿದ್ರೆ ಓದ್ಲಿ, ಇಲ್ದಿದ್ರೆ ಅವ್ಳ ಮಗೀನ ಎತ್ಕಂಡಿರ್ಲಿ."

ಮಗು ಎತ್ತಿಕೊಂಡಿರುವುದು ಎಂದರೆ ಏನೆಂದು ವನಜಾಕ್ಷಿಗೆ ಗೊತ್ತಿತ್ತು. ಅವಳ ಓದೂ ಒಂದು ಕಕ್ಕಸಿಲ್ಲದ ಶಾಲೆಯಲ್ಲೇ ಮುಗಿದು, ಅಕ್ಕನ ಮಗುವಿನ ತೊಟ್ಟಿಲ ಬಳಿಗೆ ಬಂದು ನಿಂತಿತ್ತು. ಲೋಹಿತಾ ಸ್ಕೂಲ್ ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡು, ಅದನ್ನೂ ಯಾರಾದರೂ ಎತ್ತಿಕೊಂಡು ಹೋದಾರು ಎಂಬಂತೆ ಗಟ್ಟಿಯಾಗಿ ಅಪ್ಪಿ ಕೂತಳು.

ವನಜಾಕ್ಷಿ ಮನೆಮನೆ ತಿರುಗಿದಳು. ನಾಗರತ್ನಮ್ಮ ಜಗಲಿಯಿಂದಲೇ ಕೈಮುಗಿದರು. "ನಮ್ಮತ್ತೆ ಮುತ್ತೈದೆ ಸಾವು ಸತ್ತೋರು ಕಣೆ. ಅವ್ರ ಹೆಸ್ರುನ್ನ ಕಕ್ಕಸಿನ ಮ್ಯಾಲೆ ಬರೆಸ್ಲಾ?" ಮಹಾಲಿಂಗಯ್ಯನವರು ಇನ್ನೂ ಉದಾರಿ. "ನಿನ್ನ ಮಾತಿಗೆ ಬೆಲೆ ಕೊಡ್ಬೇಕು ಅಂತಲೇ ಕಮಾನ್ನ ಇನ್ನೆರಡಡಿ ಏರಿಸ್ತಿದೀನಿ ನೋಡಮ್ಮ," ಅಂದರು. ಕಮಾನು ಎರಡಡಿ ಏರಿದರೆ ಮಗಳ ಉರಿ ಹೇಗೆ ಇಳಿಯುತ್ತದೆಂದು ಕೇಳುವಷ್ಟರಲ್ಲಿ ಅವರು ಕಾರು ಹತ್ತಿದ್ದರು.

ಆ ಮುಸ್ಸಂಜೆ ಓಬಳಮ್ಮ ಮೊಮ್ಮಗಳ ತಲೆ ಬಾಚುತ್ತ ಕತೆ ಹೇಳುತ್ತಿದ್ದಳು. ಏಳು ಸಮುದ್ರದಾಚೆಯ ರಾಕ್ಷಸ, ಕಡಿದರೂ ಸಾಯ, ಸುಟ್ಟರೂ ಸಾಯ.

"ಯಾಕಜ್ಜಿ?"

"ಅವ್ನ ಪ್ರಾಣ ಅವ್ನ ಮೈಯಾಗಿದ್ರೆ ತಾನೆ ಮಗಾ? ಪಂಜರದ ಗಿಣಿಯಾಗೆ ಮಡಗಿದ್ನಂತೆ. ಗಿಣಿ ಕತ್ತು ಹಿಡುದ್ರು ನೋಡು, ಅಲ್ಲಿ ಅವ್ನಿಗೆ ಉಸ್ರು ಕಟ್ತು."

ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದ ವನಜಾಕ್ಷಿಯ ಕೈ ನಿಂತಿತು. ಈ ಊರಿನ ರಾಜರ ಪ್ರಾಣ ಎಲ್ಲಿದೆಯೆಂದು ಹುಡುಕಲು ಸಮುದ್ರ ದಾಟಬೇಕಿರಲಿಲ್ಲ. ಅದು ಅವಳ ಗಂಡನ ಪೇಂಟಿನ ಡಬ್ಬಿಯಲ್ಲೇ ಇತ್ತು.

ಉಪಾಯ ಕೇಳಿ ತಿಪ್ಪೇಶ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ. "ಲೇ, ನಾಳೆಯಿಂದ ನಂಗೆ ಈ ಊರಾಗೆ ಯಾವನು ಬೋರ್ಡು ಬರೆಸ್ತಾನೆ?"

"ಇವ್ರು ಅನ್ನ ಬುಟ್ಟಾರು, ಹೆಸ್ರು ಬರೆಸೋದು ಬುಟ್ಟಾರಾ? ನೀನು ಬರಿ. ಹೆಸ್ರು ಮೂರಕ್ಷರ ಸಾಕು."

ಬೆಳಿಗ್ಗೆ ತಿಪ್ಪೇಶ ಹಳೆಯ ಕಕ್ಕಸಿನ ಗೋಡೆಗೆ ಸುಣ್ಣ ಹೊಡೆದ. ಸೀಮೆಸುಣ್ಣದ ದಾರ ಹಿಡಿದು ಗೆರೆ ಎಳೆದ. ಮೇಲೆ ದಪ್ಪ ಅಕ್ಷರದಲ್ಲಿ 'ಹೆಣ್ಣುಮಕ್ಕಳ ಶೌಚಾಲಯಕ್ಕೆ ಕೊಡಲು ಒಪ್ಪದ ಮಹನೀಯರು' ಎಂದು ಬರೆದ. ಕಮಾನಿಗೆಂದು ತಂದಿದ್ದ ಕೆಂಪು ಪೇಂಟೇ ಆದ್ದರಿಂದ ಬಸ್ಸಿನಲ್ಲಿ ಹೋಗುವವರೂ ಓದಿಕೊಳ್ಳುವಂತಿತ್ತು. ಅದರ ಕೆಳಗೆ 'ಶ್ರೀ ಮಹಾ' ಎಂದಿಷ್ಟು ಬರೆದು, ಕುಂಚವನ್ನು ಸೀಮೆಎಣ್ಣೆಯಲ್ಲಿಟ್ಟು ಟೀ ಕುಡಿಯಲು ಹೋದ.

ಆ ಟೀ ಬಹಳ ಹೊತ್ತಿನ ಟೀ. ಅಷ್ಟರಲ್ಲಿ ಊರೇ ಗೋಡೆಯ ಮುಂದೆ ನಿಂತು ಮುಂದಿನ ಅಕ್ಷರ ಊಹಿಸತೊಡಗಿತು. ಕಾರು ನುಗ್ಗಿ ಬಂತು.

"ಅಳಿಸ್ರಲಾ ಅದ್ನ!" ಮಹಾಲಿಂಗಯ್ಯನವರ ಶಲ್ಯ ಅರ್ಧ ನೆಲದಲ್ಲಿತ್ತು.

"ಕೊಟ್ಟೋರ ಹೆಸ್ರು ಬರೀಬೌದು, ಕೊಡ್ದೋರ್ದು ಬರೀಬಾರ್ದಾ ಯಜಮಾನ್ರೇ?" ಅಂದಳು ವನಜಾಕ್ಷಿ, ಮೆತ್ತಗೆ. "ನಾನು ಯಾರ್ನೂ ಬಿಡಾಕಿಲ್ಲ. ನಿಮ್ಮ ಕೆಳಗೆ ನಾಗರತ್ನಮ್ಮೋರು, ಅವ್ರ ಕೆಳಗೆ ಅಧ್ಯಕ್ಷರು. ದೊಡ್ಡೋರು ಅಂತ ನಿಮ್ದೇ ಮೊದ್ಲು."

"ಪೋಲೀಸಿಗೆ ಕೊಡ್ತೀನಿ!" ಅಂದ, ಹಿಂದೆಯೇ ಓಡಿ ಬಂದ ಪರಮೇಶ್.

"ಕೊಡಿ ಸಾ. ಅವ್ರೂ ಬಂದು ಓದ್ಕಳ್ಲಿ."

ಪರಮೇಶ್ ಸುತ್ತ ನೋಡಿದ. ಪ್ರತಿಯೊಂದು ಕೈಯಲ್ಲೂ ಮೊಬೈಲು ಎದ್ದಿತ್ತು. ಅವನ ಫ್ಲೆಕ್ಸಿಗೂ ಇಷ್ಟು ಜನ ಸೇರಿರಲಿಲ್ಲ.

ಸಂಜೆಗೆ ಇಟ್ಟಿಗೆ ಬಂತು. ಮರುದಿನ ಸಿಮೆಂಟು, ಆಮೇಲೆ ಬಾಗಿಲು, ನಲ್ಲಿ, ನೀರಿನ ಟ್ಯಾಂಕು. ಪ್ರತಿಯೊಂದು ವಸ್ತುವಿನ ಹಿಂದೆಯೂ ಒಬ್ಬೊಬ್ಬ ದಾನಿ ಕಳ್ಳನಂತೆ ಬಂದು, "ನನ್ ಹೆಸ್ರು ಎಲ್ಲೂ ಬರಬಾರ್ದು, ಆಣೆ ಮಾಡು," ಎಂದು ತಿಪ್ಪೇಶನ ಕೈ ಹಿಡಿದು ಹೋದ. ಗುಟ್ಟೆಪಾಳ್ಯದ ಚರಿತ್ರೆಯಲ್ಲಿ ಮೊದಲ ಬಾರಿಗೆ ಗುಪ್ತದಾನ ನಡೆಯಿತು, ಅದೂ ಪೈಪೋಟಿಯ ಮೇಲೆ. ಹಳೆಯ ಗೋಡೆ ಕೆಡವಿ ಅದೇ ಜಾಗದಲ್ಲಿ ಗಟ್ಟಿಮುಟ್ಟಾದ ಪುಟ್ಟ ಕಟ್ಟಡ ಎದ್ದಿತು.

ಎದ್ದಿತು, ಅದಕ್ಕೊಂದು ಬೀಗವೂ ಬಿತ್ತು. ಕೀಲಿ ಪರಮೇಶನ ಜೇಬಿನಲ್ಲಿ.

"ಉದ್ಘಾಟನೆ ಆಗ್ದೆ ಹೆಂಗೆ ಉಪಯೋಗಿಸೋದು? ದೊಡ್ಡೋರು ಬಂದು ನೋಡೋವರ್ಗೂ ಹೊಸದಾಗೇ ಇರ್ಬೇಕು," ಅಂದ. ಹೆಸರು ಹೋದರೂ ಫೋಟೊ ಬಿಡುವ ಜಾತಿಯಲ್ಲ ಅದು. ದಸರಾ ರಜೆ ಮುಗಿಯಿತು, ಶಾಲೆ ತೆರೆಯಿತು, ಬೀಗ ತೆರೆಯಲಿಲ್ಲ. ಹುಡುಗಿಯರು ಫಳಫಳ ಹೊಳೆಯುವ ಬಾಗಿಲನ್ನು ನೋಡುತ್ತ ಮೊದಲಿನ ಹಾಗೆಯೇ ಒಣಬಾಯಲ್ಲಿ ಪಾಠ ಕೇಳಿದರು. ಸಿರಾದ ನಾದಿನಿಯಿಂದ ಎರಡು ಸಲ ಫೋನು ಬಂತು. "ಉದ್ಘಾಟನೆವರ್ಗೂ ತಡೀತೀನಿ," ಅಂದಳು ಓಬಳಮ್ಮ, "ಅವತ್ತೂ ಬಾಗ್ಲು ತಗೀದಿದ್ರೆ ನನ್ ಮಾತು ನಡೀಬೇಕು."

ಉದ್ಘಾಟನೆಯ ಬೆಳಿಗ್ಗೆ ವನಜಾಕ್ಷಿ ಮಗಳ ಮುಂದೆ ಒಂದು ಚೊಂಬು ನೀರಿಟ್ಟಳು. "ಕುಡಿ. ಹತ್ತಕ್ಕೆ ಬಾಗ್ಲು ತಗೀತಾರೆ." ಲೋಹಿತಾ ಅಮ್ಮನನ್ನು ನಂಬಿ ಕುಡಿದಳು.

ಹತ್ತಾಯಿತು, ಹನ್ನೊಂದಾಯಿತು. ಶಾಮಿಯಾನದ ಕೆಳಗೆ ಮಕ್ಕಳು ಸಾಲಾಗಿ ನಿಂತಿದ್ದರು. ಲೋಹಿತಾಳ ಕೈಗೆ ಹೂವಿನ ತಟ್ಟೆ ಕೊಟ್ಟಿದ್ದರು. ಬೀಗ ತೆಗೆದು ಬಾಗಿಲಿಗೆ ಅಡ್ಡಲಾಗಿ ಕೆಂಪು ರಿಬ್ಬನ್ನು ಕಟ್ಟಿದ್ದರು. ಮುಖ್ಯ ಅತಿಥಿಗಳು ಇನ್ನೇನು ಬಂದರು, ಗೊರವನಹಳ್ಳಿಯಲ್ಲಿ ಪೂಜೆ ಮುಗಿಸಿ ಹೊರಟಿದ್ದಾರೆ ಎಂದು ಪರಮೇಶ್ ಮೈಕಿನಲ್ಲಿ ಹೇಳುತ್ತಲೇ ಇದ್ದ. ಲೋಹಿತಾ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಮತ್ತೆ ಬದಲಿಸಿದಳು. ದೂರದಲ್ಲಿದ್ದ ಅಮ್ಮನ ಕಡೆ ನೋಡಿದಳು. ವನಜಾಕ್ಷಿಗೆ ಅರ್ಥವಾಯಿತು. ಇವಳು ಇಷ್ಟು ಜನರ ಮುಂದೆ ತಡೆಯಲಾರದೆ ಹೋದರೆ ನಾಳೆ ಶಾಲೆಗಿರಲಿ, ಬೀದಿಗೂ ಬರುವುದಿಲ್ಲ. ಸಿರಾದ ಬಸ್ಸನ್ನು ತಾನೇ ಹತ್ತುತ್ತಾಳೆ.

ಅವಳು ಜನರನ್ನು ಸರಿಸಿಕೊಂಡು ಹೋಗಿ ಮಗಳ ಕೈಯಿಂದ ಹೂವಿನ ತಟ್ಟೆ ತೆಗೆದುಕೊಂಡಳು. "ಹೋಗು ಮಗಾ."

ಲೋಹಿತಾ ಓಡಿದಳು. ರಿಬ್ಬನ್ನಿನ ಕೆಳಗೆ ಬಗ್ಗಿ ನುಸುಳಿ, ಬಾಗಿಲು ಹಾಕಿಕೊಂಡಳು. ಒಳಗಿನ ಚಿಲಕ ಬಿದ್ದ ಸದ್ದು ಮೈಕಿಗೂ ಕೇಳಿಸಿತು.

ಆಗಲೇ ಕಾರು ಬಂತು. ಓಲಗದವರು ಊದಿದರು. ಹಾರ, ಪೇಟ, ಫೋಟೊ ಎಲ್ಲ ಮುಗಿಸಿ, ತಟ್ಟೆಯಲ್ಲಿ ಕತ್ತರಿ ಹಿಡಿದ ಮಹಾಲಿಂಗಯ್ಯನವರು ಮುಂದಾಗಿ, ಅತಿಥಿಗಳು ಬಾಗಿಲಿನ ಮುಂದೆ ಬಂದು ನಿಂತರು.

"ಒಳಗೆ ಯಾರು?" ಅಂದರು ಅತಿಥಿಗಳು, ಬಾಗಿಲ ಹಿಂದಿನ ಸದ್ದು ಕೇಳಿ.

"ಏಯ್, ಯಾರಮ್ಮ ಒಳಗೆ? ಈಚೆಗೆ ಬಾ!" ಎಂದು ಪರಮೇಶ್ ಬಾಗಿಲು ಬಡಿಯಲು ಕೈ ಎತ್ತಿದ.

ವನಜಾಕ್ಷಿ ನಡುವೆ ಬಂದು ನಿಂತಳು. "ಒಳಗೆ ಹೆಣ್ಮಗು ಅದೆ ಸಾ. ಎಲ್ರೂ ಆ ಕಡೀಕೆ ತಿರುಕ್ಕಳ್ಳಿ."

ಅತಿಥಿಗಳು ಮೊದಲು ತಿರುಗಿದರು. ಅವರನ್ನು ನೋಡಿ ಮಹಾಲಿಂಗಯ್ಯ ಕತ್ತರಿಯ ಸಮೇತ ತಿರುಗಿದರು, ನಾಗರತ್ನಮ್ಮ ತಿರುಗಿದರು, ಮೇಷ್ಟ್ರು ತಿರುಗಿದರು, ಕಡೆಗೆ ಹಲ್ಲು ಕಡಿಯುತ್ತ ಪರಮೇಶನೂ ತಿರುಗಿದ. ಊರಿನ ದೊಡ್ಡವರೆಲ್ಲ ಹಾರ ಪೇಟಗಳೊಂದಿಗೆ ಬಾಗಿಲಿಗೆ ಬೆನ್ನು ಹಾಕಿ ಸಾಲಾಗಿ ನಿಂತರು. ಓಲಗದವರು ಊದಬೇಕೋ ನಿಲ್ಲಿಸಬೇಕೋ ತಿಳಿಯದೆ ನಿಲ್ಲಿಸಿದರು. ಒಳಗೆ ನಲ್ಲಿ ತಿರುಗಿತು, ನೀರು ಸುರಿಯಿತು, ಬಹಳ ಹೊತ್ತು ಸುರಿಯಿತು. ಒಳಗಿದ್ದವಳಿಗೆ ಯಾವ ಅವಸರವೂ ಇರಲಿಲ್ಲ.

ಚಿಲಕ ಸರಿದಾಗ ಒಬ್ಬೊಬ್ಬಳೇ ಹುಡುಗಿ ಬಂದು ಬಾಗಿಲಿನ ಮುಂದೆ ಸಾಲು ಕಟ್ಟಿಯಾಗಿತ್ತು. ವನಜಾಕ್ಷಿ ರಿಬ್ಬನ್ನನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದಳು. ಒಬ್ಬಳು ಹೊರಗೆ, ಇನ್ನೊಬ್ಬಳು ಒಳಗೆ. ಅತಿಥಿಗಳು ತಿರುಗದೆಯೇ ಗಡಿಯಾರ ನೋಡಿಕೊಂಡು, ಕಾಫಿ ಎಲ್ಲಿ ಎಂದು ಕೇಳಿದರು.

ಲೋಹಿತಾ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ ಅಮ್ಮನ ಬಳಿ ಬಂದಳು.

"ಅಮ್ಮ," ಅಂದಳು, "ಕುಡಿಯಾಕೆ ನೀರು ಕೊಡು."