ಟವಲ್ ತಿಮ್ಮನ ಮೀಸೆ

"ಮೀಸೇನೂ ತಗಿ," ಎಂದಳು ದೊಡ್ಡಮಲ್ಲಮ್ಮ.

ಗಿರೀಶನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಎರಡೂ ಕೆನ್ನೆಗೆ ಸೋಪು ಹಚ್ಚಿ, ಎಡಗಡೆಯದನ್ನು ಆಗಲೇ ನುಣ್ಣಗೆ ಹೆರೆದಿದ್ದ. ಹರವೆಯಲ್ಲಿ ಸಲೂನ್ ಇಟ್ಟುಕೊಂಡಿದ್ದ ಅವನಿಗೆ ಈ ಮುಖ ಹೊಸದೇನಲ್ಲ. ಆದರೆ ಅಂಚು ತೀಡಿದ್ದು ಬಿಟ್ಟರೆ ಆ ಮೀಸೆಯೊಳಕ್ಕೆ ಒಂದು ದಿನವೂ ಕತ್ತಿ ಇಟ್ಟವನಲ್ಲ.

"ಯಾವ ಮೀಸೆ ಅವ್ವಾರೇ?"

"ನಿಂದಲ್ಲ ಕಣಪ್ಪ. ಅವ್ರದು."

ಹಿತ್ತಲಲ್ಲಿ ನೀರೊಲೆಯ ಪಕ್ಕ ಪುಟ್ಟಮಲ್ಲಪ್ಪನನ್ನು ಕುರ್ಚಿಯ ಮೇಲೆ ಕೂರಿಸಿ, ಜಾರದಂತೆ ಎದೆಗೊಂದು ಪಂಚೆ ಸುತ್ತಿ ಕಟ್ಟಿದ್ದರು. ಅವರಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಮೀಯಿಸಿ, ವಿಭೂತಿ ಬಳಿದು, ಕಾಲು ಮಡಿಸಿ ಕೂರಿಸಿಯೇ ಕಳಿಸುವುದು. ಹೊರಗೆ ಬೀದಿಯಲ್ಲಿ ಬಾಳೆಕಂಬ, ಚೆಂಡುಹೂವು ಸೇರಿಸಿ ಹೊತ್ತೊಯ್ಯುವ ವಿಮಾನ ಕಟ್ಟುತ್ತಿದ್ದರು. ರಾತ್ರಿಯೆಲ್ಲ ಅತ್ತು ದೊಡ್ಡಮಲ್ಲಮ್ಮನ ಕಣ್ಣು ಊದಿದ್ದವು. ದನಿ ಮಾತ್ರ ದಿನದಂತೆ ಗಟ್ಟಿಯಾಗಿತ್ತು.

ವಿಮಾನದ ಹಗ್ಗ ಕೇಳಲು ಒಳಬಂದಿದ್ದ ವೃಷಭೇಂದ್ರಪ್ಪನಿಗೆ ಈ ಮಾತು ಕೇಳಿ ಹಗ್ಗ ಮರೆತೇ ಹೋಯಿತು.

"ಅತ್ಗೆ, ತಲೆ ನೆಟ್ಟಗದಾ ನಿಂಗೆ? ಟವಲ್ ತಿಮ್ಮನ ಮೀಸೆ ಅದು! ಅದು ನಿಮ್ಮನೇದಲ್ಲ, ಊರಿಂದು."

"ಊರಿಂದಾದ್ರೆ ದಿನಾ ಅದುಕ್ಕೆ ಊರ್ನೋರು ಹರಳೆಣ್ಣೆ ಹಚ್ತಿದ್ರಾ? ಜಿಡ್ಡು ಮೆತ್ಕಂಡ ದಿಂಬಿನ ಚೀಲ ಉಜ್ಜಿ ಉಜ್ಜಿ ನನ್ನ ಕೈ ಸವೆದೋಗದೆ."

ನೀರು ತೋಡುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅಳುವುದಕ್ಕಲ್ಲ.

ಟವಲ್ ತಿಮ್ಮ ನಿಜವಾಗಿ ಇದ್ದವನು. ಗುಂಡ್ಲುಪೇಟೆ ರಸ್ತೆಯಲ್ಲಿ ಒಂಟಿಯಾಗಿ ನಡೆಯುವ ಸಂತೆ ವ್ಯಾಪಾರಿಗಳ ಜೊತೆ ಸುಖದುಃಖ ಮಾತಾಡಿಕೊಂಡು ಹೋಗಿ, ಮರದ ನೆರಳಲ್ಲಿ ಕೂತಾಗ ಹೆಗಲ ಟವಲನ್ನೇ ಅವರ ಕುತ್ತಿಗೆಗೆ ಬಿಗಿಯುತ್ತಿದ್ದನಂತೆ. ಸಿಕ್ಕಿಬಿದ್ದ, ಜೈಲಿನಲ್ಲೇ ಸತ್ತ, ಜನ ಮರೆತೂ ಬಿಟ್ಟರು. ಆಮೇಲೆ ನಾಟಕದ ಮೇಷ್ಟ್ರೊಬ್ಬರು ಅವನನ್ನು ರಂಗದ ಮೇಲೆ ಎಬ್ಬಿಸಿ ನಿಲ್ಲಿಸಿದರು. ಪುಟ್ಟಮಲ್ಲಪ್ಪ ತಿಮ್ಮನಾದ, ಕೊನೆಯ ಸೀನಿನಲ್ಲಿ ಅವನಿಗೆ ಬೇಡಿ ಹಾಕುವ ಇನ್ಸ್‌ಪೆಕ್ಟರ್ ಈ ವೃಷಭೇಂದ್ರಪ್ಪ. ನಾಟಕದಿಂದ ಟಿವಿಯ ಕ್ರೈಮ್ ಕಾರ್ಯಕ್ರಮಕ್ಕೆ, ಅಲ್ಲಿಂದ ಯೂಟ್ಯೂಬಿಗೆ ತಿಮ್ಮ ಬೆಳೆಯುತ್ತ ಹೋದ. ಅವನದೊಂದು ಫೋಟೋ ಎಲ್ಲೂ ಇರಲಿಲ್ಲವಾಗಿ, ಯಾರೋ ಪುಣ್ಯಾತ್ಮರು ನಾಟಕದ ಫೋಟೋವನ್ನೇ ಹಾಕಿದರು. ಅಂದಿನಿಂದ ಮೊಬೈಲಿನಲ್ಲಿ ಟವಲ್ ತಿಮ್ಮನನ್ನು ಹುಡುಕಿದವರಿಗೆಲ್ಲ ಹರವೆಯ ಹಿಟ್ಟಿನ ಮಿಲ್ಲಿನ ಪುಟ್ಟಮಲ್ಲಪ್ಪ ಕಣ್ಣು ಕೆಕ್ಕರಿಸುತ್ತಿದ್ದ. ರಾಗಿ ಬೀಸಿಸಲು ಬಂದವರಿಗಿಂತ ಅವನ ಪಕ್ಕ ನಿಂತು ಸೆಲ್ಫಿ ತೆಗೆಸಿಕೊಳ್ಳಲು ಬಂದವರೇ ಹೆಚ್ಚಾಗಿದ್ದ ದಿನಗಳೂ ಇದ್ದವು.

"ಅವ್ವ, ಬೇಡ," ಎಂದಳು ಮಗಳು ನಾಗಲಕ್ಷ್ಮಿ. ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವವಳು, ಬೆಳಗಿನ ಶಿಫ್ಟಿನ ಬಟ್ಟೆಯಲ್ಲೇ ಓಡಿಬಂದಿದ್ದಳು. "ಅಪ್ಪ ಮುಚ್ಕೊಂಡಿದ್ದನ್ನ ಎಲ್ರ ಮುಂದೆ ಯಾಕೆ ತೋರುಸ್ಬೇಕು? ಪಾಪ, ನಾಚ್ಕೋತಿದ್ರು."

"ಏನ್ ಮುಚ್ಕಂಡಿದ್ರು ಅಂತ ನೀನು ನೋಡಿದ್ದೀಯಾ?"

"ಇಲ್ಲ."

"ನಾನು ನೋಡಿವ್ನಿ ಕಣಮ್ಮಿ. ನೋಡಿ ಬಾಳ ದಿನ ಆಗೋಯ್ತು. ಮಣ್ಣಿಗೋಗೋ ಮುಂಚೆ ಇನ್ನೊಂದ್ಸಲ ನೋಡ್ಬೇಕು. ಆಮೇಲೆ ಎಲ್ಲಿಗೋಗಿ ನೋಡ್ಲಿ?"

ಗಿರೀಶ ಕತ್ತಿಯನ್ನು ನೀರಿನ ಬಟ್ಟಲಿಗೆ ಅದ್ದಿ, ಯಾರಾದರೂ ಒಬ್ಬರು ಗೆಲ್ಲಲಿ ಎಂದು ಕಾಯುತ್ತ ನಿಂತ.

*

ಹೆಣ್ಣು ನೋಡಲು ದೊಡ್ಡಮಲ್ಲಮ್ಮನ ತವರು ಹರದನಹಳ್ಳಿಗೆ ಬಂದವರಲ್ಲಿ ಪುಟ್ಟಮಲ್ಲಪ್ಪ ಮೊದಲನೆಯವನಲ್ಲ. ಮುಂಚೆ ಬಂದವರೆಲ್ಲ ಕೋರ್ಟಿಗೆ ಸಾಕ್ಷಿ ಹೇಳಲು ಬಂದವರ ಹಾಗೆ ಬಿಗಿದುಕೊಂಡು ಕೂತು, ಉಪ್ಪಿಟ್ಟು ತಿಂದು ಹೋಗಿದ್ದರು. ಇವನು ತಟ್ಟೆ ಈಸಿಕೊಳ್ಳುವಾಗ ತಲೆ ಎತ್ತಿ ನಕ್ಕ. ಒಂದು ಕಡೆಯ ತುಟಿ ಮಾತ್ರ ಮೇಲೆದ್ದು, ಯಾರಿಗೂ ಹೇಳದ ತಮಾಷೆಯೊಂದನ್ನು ಇವಳಿಗೊಬ್ಬಳಿಗೇ ಹೇಳಿದ ಹಾಗಿತ್ತು. ದೊಡ್ಡಮಲ್ಲಮ್ಮ ಒಳಗೆ ಹೋಗಿ, "ಇವ್ರೇ ಇರ್ಲಿ," ಎಂದುಬಿಟ್ಟಳು.

ಮದುವೆಯಾಗಿ ಬಂದ ಮೇಲೆ ತಿಳಿಯಿತು, ಅವನು ಎಮ್ಮೆಗೂ ಹಾಗೇ ನಗುತ್ತಾನೆ, ಕರೆಂಟ್ ಬಿಲ್ ತಂದವನಿಗೂ ಹಾಗೇ ನಗುತ್ತಾನೆ. ಚಿಕ್ಕಂದಿನಲ್ಲಿ ಅಪ್ಪನ ಮಿಲ್ಲಿನ ಬೆಲ್ಟು ಕಿತ್ತು ಮುಖಕ್ಕೆ ಬಡಿದಿತ್ತಂತೆ. ಹರಿದ ಮೇಲ್ತುಟಿಗೆ ಹಾಕಿದ ಹೊಲಿಗೆ ಒಂದು ಕಡೆ ಎಳೆದುಕೊಂಡು, ತುಟಿ ಹಾಗೇ ನಿಂತುಬಿಟ್ಟಿತ್ತು. ದೊಡ್ಡಮಲ್ಲಮ್ಮ ಮೋಸ ಹೋದೆನೆಂದು ಕಂಬಳಿಯೊಳಗೆ ಅತ್ತಳು. ಅತ್ತು ಮುಖ ಹೊರಗೆ ಹಾಕಿದರೆ, ಅವನು ಏನು ಮಾಡಬೇಕೋ ತೋಚದೆ, ಅದೇ ನಗುಮುಖ ಹೊತ್ತುಕೊಂಡು ಗಾಬರಿಯಲ್ಲಿ ಕೂತಿದ್ದ. ಅವಳಿಗೂ ನಗು ತಡೆಯಲಾಗಲಿಲ್ಲ.

ಆದರೆ ಊರು ಅವಳಲ್ಲ. ಸೋದರಮಾವ ತೀರಿಕೊಂಡಾಗ ಹೆಣದ ಮುಂದೆ ನಿಂತಿದ್ದವನನ್ನು ಕಂಡು ಅತ್ತೆ, "ನನ್ನ ತಾಳಿ ಹೋದ್ರೆ ನಿಂಗೆ ನಗುವೇನ್ಲಾ?" ಎಂದು ಬೀದಿಗೆ ಅಟ್ಟಿದ್ದಳು. ಅಲ್ಲಿಂದಾಚೆ ಅವನು ಸಾವಿನ ಮನೆಗಳಿಗೆ ಹೋಗುವುದನ್ನೇ ಬಿಟ್ಟ. ಆಮೇಲೆ ಮದುವೆ ಮನೆಗಳಿಗೂ. ಮಿಲ್ಲಿನ ಸದ್ದಿನಲ್ಲಿ ಯಾರೂ ಮಾತಾಡಿಸುವುದಿಲ್ಲವೆಂದು, ಬೀಸುವುದಕ್ಕೆ ಕಾಳು ಇಲ್ಲದಾಗಲೂ ಮೋಟಾರು ಓಡಿಸಿಕೊಂಡು ಕೂರುತ್ತಿದ್ದ.

*

"ಅಜ್ಜೀನೇ ಕೇಳನ," ಎಂದ ಗಿರೀಶ.

ಮಹಾಲಕ್ಷ್ಮಮ್ಮನನ್ನು ಇಬ್ಬರು ಹೆಂಗಸರು ಕೈ ಹಿಡಿದು ಕರೆತಂದಿದ್ದರು. ನಿಜವಾದ ತಿಮ್ಮನನ್ನು ಕಣ್ಣಾರೆ ಕಂಡವರಲ್ಲಿ ಉಳಿದಿದ್ದವಳು ಅವಳೊಬ್ಬಳೇ.

"ಅಜ್ಜಿ, ತಿಮ್ಮಂಗೆ ಮೀಸೆ ಇತ್ತಾ?"

"ಇತ್ತೋ ಇಲ್ವೋ! ನಮ್ಮ ಜಗಲಿ ಮ್ಯಾಲೆ ಕೂತು ಮಜ್ಜಿಗೆ ಕುಡ್ದ. ಇನ್ನೊಸಿ ಉಪ್ಪು ಹಾಕವ್ವ ಅಂದ. ಅವ್ನ ಮುಖ ನೆಪ್ಪು ಮಾಡ್ಕಳಕೆ ಹೋದ್ರೆ ಇವಳ ಗಂಡನೇ ಬಂದು ನಿಂತ್ಕತಾನೆ, ಏನ್ ಮಾಡ್ಲಿ?" ಅಜ್ಜಿ ಕುರ್ಚಿಯ ಕಡೆ ಕೈ ತೋರಿಸಿದಳು. "ಅವ್ನ ಕೈಲಿ ಸತ್ತ ಬಳೆಗಾರನ ಮುಖ ಬೇಕಾದ್ರೆ ಯೋಳ್ತೀನಿ, ಚೆನ್ನಾಗಿ ನೆಪ್ಪದೆ. ಅದನ್ನ ಯಾರೂ ಕೇಳಾಕಿಲ್ಲ."

"ಕೇಳುದ್ಯಾ ಅತ್ಗೆ!" ವೃಷಭೇಂದ್ರಪ್ಪನಿಗೆ ಮಾತಿನ ಕೊನೆ ಕೇಳಿಸಿರಲಿಲ್ಲ. "ಕಂಡೋರೇ ಒಪ್ಪೋ ಹಂಗೆ ಪಾಲ್ಟು ಮಾಡಿದ್ದ ಮಲ್ಲಣ್ಣ! ಆ ಮುಖ ಬೋಳಿಸ್ತೀನಿ ಅಂತೀಯಲ್ಲ!"

"ಆ ಕೊಲೆಗಡುಕಂಗೆ ಮುಖ ಇಲ್ಲ ಅಂತ ನನ್ನ ಗಂಡಂದ್ನ ಕೊಟ್ಟಿದ್ದಾಯ್ತಲ್ಲ. ಇಷ್ಟು ವರ್ಷ ಇಟ್ಕಂಡ. ಇವತ್ತು ಬುಟ್ಬುಡ್ಲಿ."

*

ಮೊದಲ ಸಲ ನಾಟಕವಾದಾಗ ತಿಮ್ಮನ ಪಾತ್ರದವನು ಜ್ವರ ಬಂದು ಮಲಗಿಬಿಟ್ಟಿದ್ದ. ಮೂಟೆ ಎತ್ತುವ ಹೆಗಲು ನೋಡಿ ಮೇಷ್ಟ್ರು ಪುಟ್ಟಮಲ್ಲಪ್ಪನನ್ನು ಮಿಲ್ಲಿನಿಂದ ಎಳೆದುಕೊಂಡು ಹೋದರು. ಹೆಗಲೇನೋ ಸರಿಯಾಗಿತ್ತು, ಆದರೆ ಕತ್ತು ಹಿಸುಕುವಾಗ ಬೀಗರನ್ನು ಕರೆಯುವವನ ಹಾಗೆ ನಗುತ್ತಿದ್ದ. ಮೇಷ್ಟ್ರು ತಲೆ ಚಚ್ಚಿಕೊಂಡು, ತುಟಿ ಪೂರಾ ಮುಚ್ಚುವಂಥ ಒಂದು ಮೀಸೆ ತಂದು ಅಂಟಿಸಿದರು.

ಆ ರಾತ್ರಿ ಅವನು ಗುಡುಗಿದ. ಮುಂದಿನ ಸಾಲಿನ ಮಕ್ಕಳು ಎದ್ದು ಓಡಿದವು. ಹೆಂಗಸರ ನಡುವೆ ಕೂತಿದ್ದ ದೊಡ್ಡಮಲ್ಲಮ್ಮನಿಗೆ ತನ್ನ ಗಂಡನಿಗೆ ಇಷ್ಟು ದೊಡ್ಡ ದನಿ ಇದೆಯೆಂದು ಗೊತ್ತಾದದ್ದೇ ಆಗ.

ಬೆಳಗ್ಗೆ ಎದುರು ಮನೆಯ ಯಜಮಾನರು ಹೋಗಿಬಿಟ್ಟರು. ಅಂಟು ಬಿಡದ ಮೀಸೆಯಲ್ಲೇ ಅವನು ಹೆದರುತ್ತ ಹೋಗಿ ಮೂಲೆಯಲ್ಲಿ ನಿಂತ. ಯಾರೂ ಅಟ್ಟಲಿಲ್ಲ. ಸತ್ತವರ ಹೆಂಡತಿ ಅವನ ಕೈ ಹಿಡಿದುಕೊಂಡು ಅತ್ತಳು. ಮನೆಗೆ ಬಂದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಅಂಟು ಬಿಟ್ಟು ಆ ಮೀಸೆ ಉದುರುವ ಹೊತ್ತಿಗೆ ಅದರ ಕೆಳಗೆ ತನ್ನದನ್ನು ಬೆಳೆಸಿಕೊಂಡಿದ್ದ.

ಆಮೇಲೆ ಸುತ್ತಮುತ್ತ ಅವನಿಲ್ಲದ ಸಾವಿಲ್ಲ. ವಿಮಾನ ಕಟ್ಟಲು ಅವನು, ಗುಂಡಿ ಅಳೆಯಲು ಅವನು, ಅಳುವವರಿಗೆ ಕಾಫಿ ಕುಡಿಸಲು ಅವನು.

"ಒಂದ್ಸಲ ತಗೀರಿ, ನನ್ಗೋಸ್ಕರ," ಎಂದು ಹಬ್ಬ ಬಂದಾಗಲೆಲ್ಲ ಅವಳು ಕೇಳುತ್ತಿದ್ದಳು.

"ತಗುದ್ ದಿನವೇ ಯಾರಾದ್ರೂ ಹೋಗ್ಬುಟ್ರೆ? ನಾನು ಸತ್ತ ದಿನ ತಗುಸ್ಕೊ ಕಣೆ. ಅವತ್ತು ನಾನು ಯಾರ ಸಾವಿಗೂ ಹೋಗ್ಬೇಕಾಗಿಲ್ಲ."

*

ಈ ಮಾತನ್ನು ದೊಡ್ಡಮಲ್ಲಮ್ಮ ಈಗ ಹೇಳಿದಳು, ಮಗಳ ಮುಖ ನೋಡಿಕೊಂಡು. ನಾಗಲಕ್ಷ್ಮಿ ಅಳಲು ಬಾಯಿ ತೆರೆದವಳು ನಕ್ಕುಬಿಟ್ಟಳು.

"ಅಪ್ಪಂದೇ ಮಾತು ಅದು. ತಗಿ ಗಿರೀಶಣ್ಣ."

ವೃಷಭೇಂದ್ರಪ್ಪ ನೋಡಲಾರೆನೆಂದು ಬೆನ್ನು ತಿರುಗಿಸಿದ. ದೊಡ್ಡಮಲ್ಲಮ್ಮ ಗಂಡನ ಗದ್ದ ಹಿಡಿದುಕೊಂಡಳು. ಕತ್ತಿ ಮೆಲ್ಲಗೆ ಇಳಿಯಿತು. ನರೆತ ಕೂದಲು ನೊರೆಯ ಜೊತೆ ಜಾರಿದಂತೆಲ್ಲ, ಬಿಸಿಲು ಕಾಣದ ಬೆಳ್ಳನೆಯ ತುಟಿ, ಹೊಲಿಗೆಯ ಗುರುತು, ಮೇಲೆದ್ದ ಆ ಒಂದು ಅಂಚು ಹೊರಬಂದವು.

"ಅವ್ವ, ಅಪ್ಪ ನಗ್ತಾವ್ರೆ!"

"ಅದೇ ಕಣಮ್ಮಿ," ಎಂದಳು ದೊಡ್ಡಮಲ್ಲಮ್ಮ. "ಅದುನ್ನ ನೋಡೇ ನಾನು ಬಂದಿದ್ದು."

ವಿಮಾನದಲ್ಲಿ ಕೂರಿಸಿದ ಮೇಲೆ ಬಂದವರೆಲ್ಲ ಒಂದು ಗಳಿಗೆ ತಡವರಿಸಿದರು. ಅಳುವುದಕ್ಕೆಂದು ಮುಖ ಸಿದ್ಧ ಮಾಡಿಕೊಂಡು ಬಂದವರು ಹಾರ ಹಾಕಲು ತಲೆ ಎತ್ತಿದರೆ, ಅವನು ಏನೋ ತಮಾಷೆ ಹೊಳೆದವನಂತೆ ಕೂತಿದ್ದ. ಸೊಸೈಟಿಯ ಪ್ರೆಸಿಡೆಂಟರು ಕೈ ಮುಗಿಯುವಾಗಲೇ ನಗು ತಡೆಯಲಾಗದೆ ಕೆಮ್ಮಿಕೊಂಡರು.

ಆಗ ಮೈಸೂರಿನಿಂದ ಕಾರು ಬಂತು. ಅದರಿಂದ ಮೈಕು ಹಿಡಿದ ಒಬ್ಬ ಯುವಕ, ಮೊಬೈಲ್ ಹಿಡಿದ ಒಬ್ಬ ಹುಡುಗಿ ಇಳಿದರು. ಯುವಕ ನೇರ ವಿಮಾನದ ಬಳಿಗೇ ಬಂದು, ಪುಟ್ಟಮಲ್ಲಪ್ಪನಿಗೆ ಒಂದು ನಮಸ್ಕಾರ ಮಾಡಿ, ದೊಡ್ಡಮಲ್ಲಮ್ಮನ ಕಡೆ ಬಗ್ಗಿದ.

"ಆಂಟಿ, ಟವಲ್ ತಿಮ್ಮ ಅವ್ರ ಬಾಡಿ ಎಲ್ಲಿಟ್ಟಿದ್ದಾರೆ?"

ದೊಡ್ಡಮಲ್ಲಮ್ಮ ಗಂಡನ ಮುಖ ನೋಡಿದಳು.

"ಅವ್ನು ಇಲ್ಲಿಗೆ ಬಂದಿಲ್ಲ ಕಣಪ್ಪ. ಇವ್ರು ನಮ್ಮನೆಯವ್ರು."

"ಸಾರಿ ಆಂಟಿ," ಎಂದು ಅವನು ಮೊಬೈಲಿನ ಫೋಟೋ ನೋಡಿದ, ಜನರನ್ನು ನೋಡಿದ. ಬಾಳೆಕಂಬಕ್ಕೆ ಒರಗಿ ಮುನಿಸಿಕೊಂಡು ನಿಂತಿದ್ದ ವೃಷಭೇಂದ್ರಪ್ಪನ ಡೈ ಹಾಕಿದ ಮೀಸೆ ಅವನ ಕಣ್ಣಿಗೆ ಬಿತ್ತು. ಹೆಗಲ ಮೇಲೆ ಟವಲೂ ಇತ್ತು.

"ಸಾರ್! ಒಂದ್ನಿಮಿಷ! ನೀವು ಅವ್ರ ಫ್ಯಾಮಿಲಿನಾ?"

ವರ್ಷವರ್ಷವೂ ತಿಮ್ಮನಿಗೆ ಬೇಡಿ ಹಾಕಿದ್ದ ಇನ್ಸ್‌ಪೆಕ್ಟರು ಅತ್ತಿತ್ತ ನೋಡಿದ. ಗಂಟಲು ಸರಿಮಾಡಿಕೊಂಡ. ಟವಲನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆದು ಬಿಗಿಹಿಡಿದ.

ಅಷ್ಟರಲ್ಲಿ ವಾದ್ಯ ಶುರುವಾಗಿ ವಿಮಾನ ಮೇಲೆದ್ದಿತು. ಮುಂದಿನ ಬಲಗಡೆ ಒಂದು ಹೆಗಲು ಕಡಿಮೆಯಾಗಿ ವಾಲಿತು.

"ಏನಪ್ಪೋ, ಹೆಗಲು ಕೊಡಕ್ಕೆ ಬತ್ತೀಯೋ, ಅಲ್ಲೇ ನಿಂತ್ಕಂಡು ಇನ್ನಿಬ್ರ ಕತ್ತು ಹಿಸುಕ್ತೀಯೋ?" ಎಂದು ಕೂಗಿದಳು ದೊಡ್ಡಮಲ್ಲಮ್ಮ.

ವೃಷಭೇಂದ್ರಪ್ಪ ಪಂಚೆ ಎತ್ತಿ ಕಟ್ಟಿ ಓಡಿಬಂದು ಬೊಂಬಿಗೆ ಹೆಗಲು ಕೊಟ್ಟ. ಹುಡುಗಿಯೂ ಮೊಬೈಲ್ ಹಿಡಿದು ಅವನ ಮುಂದೆಯೇ ಹಿಂದಡಿ ಇಡುತ್ತ ನಡೆದಳು. ದೊಡ್ಡಮಲ್ಲಮ್ಮ ಅವಳ ಭುಜದ ಮೇಲಿಂದ ಬಗ್ಗಿ ನೋಡಿದಳು. ಪರದೆಯ ತುಂಬ ವೃಷಭೇಂದ್ರಪ್ಪನ ಬೆವೆತ ಮೀಸೆ. ಅದರ ಮೇಲೆ, ಚಿತ್ರ ಮುಗಿಯುವ ಅಂಚಿನಲ್ಲಿ, ಒಂದಿಷ್ಟು ಚೆಂಡುಹೂವು ಮತ್ತು ಯಾರದೋ ಮಡಿಸಿದ ಮಂಡಿ.