ಸಾವಿನ ಮನೆಯ ಪೇಟಿ

ತಬಲಾದ ಬೊಮ್ಮಯ್ಯ ತೀರಿಕೊಂಡ ಸುದ್ದಿ ಬಂದಾಗ ಸಣ್ಣಬಸಪ್ಪ ಮೇಷ್ಟ್ರು ಪಡಸಾಲೆಯಲ್ಲಿ ಮಕ್ಕಳಿಗೆ ಸಂಗೀತದ ಪಾಠ ಹೇಳುತ್ತಿದ್ದರು. ಸುದ್ದಿ ತಂದ ಗೋಪಣ್ಣ ಹೊಸ್ತಿಲು ದಾಟಲಿಲ್ಲ. "ಕುಂದ್ರಿಸ್ಯಾರ್ರಿ. ಭಜನಿಗೆ ನಿಮ್ಮ ದಾರಿ ಕಾಯಾಕ ಹತ್ಯಾರ" ಎಂದವನೇ ಹೊರಟುಹೋದ. ಮೇಷ್ಟ್ರು ಮಕ್ಕಳನ್ನು ಮನೆಗೆ ಕಳಿಸಿ ಹಾರ್ಮೋನಿಯಂ ಪೇಟಿಯನ್ನು ಎತ್ತಿಕೊಳ್ಳಲು ಬಗ್ಗಿದರು. ಅಡುಗೆಮನೆಯಿಂದ ಓಡಿ ಬಂದ ಹೆಂಡತಿ ಬಸವರಾಜೇಶ್ವರಿ ಪೇಟಿಯ ಮೇಲೆ ಕೈಯಿಟ್ಟಳು.

"ಹೋಗಬ್ಯಾಡ್ರಿ. ನಾಡಿದ್ದು ಮಗಳ ನಿಶ್ಚಿತಾರ್ಥ ಐತಿ. ಬೀಗರಿಗೆ ಮಾತು ಕೊಟ್ಟೀರಿ."

ಆ ಮಾತು ನೆನಪಾದರೆ ಸಾಕು, ಮೇಷ್ಟ್ರಿಗೆ ಮೈಯೆಲ್ಲ ಉರಿಯುತ್ತಿತ್ತು. ರಾಯದುರ್ಗದಲ್ಲಿ ಅವರ ಜನರ ಪೈಕಿ ಯಾರು ಸತ್ತರೂ ಹೆಣಕ್ಕೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಎತ್ತುವವರೆಗೆ ಅದರ ಎದುರಿಗೆ ಭಜನೆ ನಿಲ್ಲಬಾರದು. ಮೇಷ್ಟ್ರ ಗಂಟಲು, ಬೊಮ್ಮಯ್ಯನ ತಬಲಾ ಇಲ್ಲದೆ ಊರಲ್ಲಿ ಹೆಣ ಎದ್ದದ್ದೇ ಇಲ್ಲ ಎನ್ನಬೇಕು. ಅದಕ್ಕೆ ಕಾಸು ಮುಟ್ಟಿದವರಲ್ಲ ಇಬ್ಬರೂ, ಒಂದು ಲೋಟ ಚಹಾ ಅಷ್ಟೆ. ಇಂಥ ಮನುಷ್ಯನಿಗೆ ಮಡಕಶಿರದ ರೇಷ್ಮೆ ವ್ಯಾಪಾರಿಗಳು ಕರಾರು ಹಾಕುವುದೆ? ಮಗಳು ಅಂಜನಾ ಅವರ ಮನೆಗೆ ಸೊಸೆಯಾಗಬೇಕಾದರೆ ಅವಳಪ್ಪ ಸಾವಿನ ಮನೆಯಲ್ಲಿ ಹಾಡುವುದನ್ನು ಬಿಡಬೇಕಂತೆ! ಹೆಂಡತಿ ಬಂದು ಅದನ್ನು ಹೇಳಿದ ದಿನ ಮೇಷ್ಟ್ರು ಅರ್ಧ ಊಟಕ್ಕೇ ಎದ್ದಿದ್ದರು. ಆಮೇಲೆ ಮಗಳ ಮುಖ ನೋಡಿ ಹೂಂ ಅಂದಿದ್ದರು. ಹಾಗೆ ಹೂಂ ಅಂದದ್ದಕ್ಕೆ ಅವರಿಗೆ ತಮ್ಮ ಮೇಲೂ ಸಿಟ್ಟಿತ್ತು.

ಅಷ್ಟರಲ್ಲಿ ಎರಡು ಓಣಿ ಆಚೆಯಿಂದ ಭಜನೆ ಕೇಳಿಸಿತು. ಮನುಷ್ಯರು ಹಾಡಿದ್ದಲ್ಲ, ಯಾರೋ ಮೊಬೈಲನ್ನು ಸ್ಪೀಕರಿಗೆ ಹಚ್ಚಿದ್ದರು. ಪಲ್ಲವಿ ಮುಗಿದು ಚರಣ ಶುರುವಾಗಬೇಕು, ಹಾಡು ಕಡಿದು ಹೋಗಿ, ಒಬ್ಬ ಹೆಂಗಸು ಕಿಲಕಿಲ ನಗುತ್ತ ತೆಲುಗಿನಲ್ಲಿ ಅಡುಗೆ ಎಣ್ಣೆಯ ಗುಣಗಾನ ಮಾಡಿದಳು. ಮತ್ತೆ ಭಜನೆ. ಮತ್ತೆ ಎಣ್ಣೆ.

"ಬೊಮ್ಮಯ್ಯನ ಮುಂದ ಎಣ್ಣಿ ಮಾರಾಕ ಹತ್ಯಾರ! ನಿನ್ನ ಕಿವಿಗೆ ಬೀಳವಲ್ದೇನು?" ಎಂದು ಹೆಂಡತಿಯ ಮೇಲೆ ಹರಿಹಾಯ್ದ ಮೇಷ್ಟ್ರು, ಅದೇ ಬಿಸಿಯಲ್ಲಿ ಬೀಗರಾಗುವ ಸಿದ್ದರಾಮೇಶಪ್ಪನವರಿಗೆ ಫೋನು ಹಚ್ಚಿದರು. ಬಸವರಾಜೇಶ್ವರಿ ಬೇಡ ಬೇಡ ಎಂದು ಕೈಮುಗಿದರೂ ನೋಡಲಿಲ್ಲ.

"ನಾನ್ರಿ, ಸಣ್ಣಬಸಪ್ಪ. ನಿಮ್ಮ ಕರಾರು ನಿಮ್ಮ ಹತ್ರನ ಇಟ್ಕೊಳ್ರಿ. ನಾನು ಸಾವಿನ ಮನಿಗೆ ಹೊಂಟೀನಿ, ಹಾಡ್ತೀನಿ. ಸಂಬಂಧ ಬೇಕಾದ್ರ ಬರ್ರಿ, ಬ್ಯಾಡಾದ್ರ ಬಿಡ್ರಿ!"

ಆ ಕಡೆ ಸಿದ್ದರಾಮೇಶಪ್ಪನವರು ಗಾಬರಿಯಾದರು.

"ಏನ್ ಬೀಗ್ರೆ ಇದು? ಯಾವ ಕರಾರು? ನಾವ್ಯಾವಾಗ ಹಂಗಂದ್ವಿ? ನಮ್ಮಪ್ಪ ಹೋದಾಗ ಭಜನೆ ಮಾಡೋರು ಸಿಗ್ದೆ ಒದ್ದಾಡಿದೋರು ನಾವು. ನೀವು ಹಾಡ್ತೀರ ಅಂತ ಕೇಳೇ ಸಂಬಂಧಕ್ಕೆ ಬಂದಿದ್ದು. ನಿಮ್ಮ ಹುಡುಗೀನೇ ನಮ್ಮ ಮಗ ವಾಗೀಶನ ಹತ್ರ ಹೇಳಿದ್ಲಂತೆ, ಅಪ್ಪ ಅದನ್ನೆಲ್ಲ ಬಿಟ್ಟವ್ರೆ, ಆ ಮಾತು ಎತ್ತಬ್ಯಾಡಿ ಅಂತ. ಅದ್ಕೇ ನಾವು ಸುಮ್ಕಿದ್ವಿ."

ಮೇಷ್ಟ್ರು ಫೋನು ಕೆಳಗಿಟ್ಟರು. ಹೆಂಡತಿ ತಲೆ ತಗ್ಗಿಸಿದ್ದಳು. ಕೋಣೆಯ ಬಾಗಿಲಲ್ಲಿ ಅಂಜನಾ ನಿಂತಿದ್ದಳು.

"ಅವ್ವನ್ನ ಬೈಬ್ಯಾಡ. ಬೀಗರು ಅಂದ್ರು ಅಂತ ಹೇಳು ಅಂದಾಕಿ ನಾನ" ಎಂದಳು. "ನಾ ಹೇಳಿದ್ರ ನೀ ಕೇಳ್ತಿದ್ದೇನು?"

"ನಾಚಿಕಿ ಆಗಂಗಿಲ್ಲೇನು ನಿನಗ? ಪುಣ್ಯದ ಕೆಲಸಕ್ಕ ಹೇಸ್ತೀ?"

"ಪುಣ್ಯ ನಿಂದು ಅಪ್ಪ. ನಾನು ಶಾಲಿಯೊಳಗ ಹೆಣದ ಮೇಷ್ಟ್ರ ಮಗಳು. ಬಳ್ಳಾರಿ ಆಸ್ಪತ್ರಿಯೊಳಗ ನಾ ಜ್ವರ ಬಂದು ಮಲಗಿದಾಗ ನೀ ಎಲ್ಲಿದ್ದಿ? ಯಾರದೋ ಹೆಣದ ಮುಂದ. ಊರಾಗ ಸತ್ತೋರೆಲ್ಲ ನಿನ್ನ ಹಾಡು ಕೇಳ್ಯಾರ. ಬದುಕಿರೋರ ಹತ್ರ ಯಾವಾಗರ ಕುಂತೀಯೇನು?"

ಮೇಷ್ಟ್ರ ಕೈ ಮೇಲೆದ್ದಿತು. ಬಸವರಾಜೇಶ್ವರಿ ನಡುವೆ ಬಂದಳು. ಅಂಜನಾ ಮಾತ್ರ ಕದಲಲಿಲ್ಲ, ಅಪ್ಪನ ಮುಖದಿಂದ ಕಣ್ಣು ಕೀಳಲೂ ಇಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಮೇಷ್ಟ್ರು ಪೇಟಿ ಹೊತ್ತುಕೊಂಡು ಬೀದಿಗಿಳಿದರು.

ದಾರಿಯುದ್ದಕ್ಕೂ ಒಳಗೊಳಗೇ ಕುದಿಯುತ್ತಿದ್ದರು. ಅವ್ವ ಮಗಳು ಸೇರಿ ಕಣ್ಣಿಗೆ ಮಣ್ಣೆರಚಿದರಲ್ಲ! ಏನೂ ಅರಿಯದ ಬೀಗರನ್ನು ಇಷ್ಟು ದಿನ ಮನಸ್ಸಿನಲ್ಲೇ ಬೈದದ್ದಾಯಿತು, ಇವತ್ತು ಬಾಯಿಬಿಟ್ಟೂ ಬೈದದ್ದಾಯಿತು. ಜೀನ್ಸ್ ಹೊಲಿಯುವ ಅಂಗಡಿಯವರು ಮಷಿನು ನಿಲ್ಲಿಸಿ ನಮಸ್ಕಾರ ಎಂದರೂ ಅವರು ತಿರುಗಿ ನೋಡಲಿಲ್ಲ.

ಬೊಮ್ಮಯ್ಯನನ್ನು ಪಡಸಾಲೆಯ ಗೋಡೆಗೆ ಒರಗಿಸಿದ್ದರು. ಗಲ್ಲಕ್ಕೆ ಬಟ್ಟೆ ಕಟ್ಟಿತ್ತು, ಹಣೆ ತುಂಬ ವಿಭೂತಿ. "ಮೇಷ್ಟ್ರು ಬಂದ್ರು, ಜಾಗ ಬಿಡ್ರಿ" ಎಂದು ಜನ ಸರಿದರು. ಮೇಷ್ಟ್ರು ಮೊದಲು ಸ್ಪೀಕರಿನ ವೈರು ಕಿತ್ತು ಮೂಲೆಗೆ ಎಸೆದರು. ಆಮೇಲೆ ಹೆಣದ ಎದುರಿಗೆ ಚಕ್ಕಳಮಕ್ಕಳ ಕೂತು ಪೇಟಿಯ ತಿದಿ ಬಿಚ್ಚಿ, ಸ್ವರ ಹಿಡಿದರು.

ಹೆಣದ ಪಕ್ಕದಲ್ಲಿ ಅಳುತ್ತಿದ್ದ ಬೊಮ್ಮಯ್ಯನ ಹೆಂಡತಿ ಚಿತ್ತಮ್ಮ ಅಳು ನಿಲ್ಲಿಸಿ ತಲೆಯೆತ್ತಿದಳು.

"ಹಾಸಿಗಿ ಹಿಡಿದಾಗಿಂದ ನಿಮ್ಮ ಹೆಸರ ಜಪಾ ಮಾಡಿದ್ರು. ಮೇಷ್ಟ್ರನ್ನ ಕರೀರಿ, ಒಂದೀಟು ಕುಂತು ಹೋಗ್ಲಿ ಅಂತ ಎಷ್ಟು ಸಲ ಹೇಳಿ ಕಳಿಸಿದೆ. ಬರಲಿಲ್ಲ ನೀವು."

ಹೇಳಿ ಕಳಿಸಿದ್ದು ನಿಜ. ಹೋದರೆ, ಬೊಮ್ಮಯ್ಯಾ ನಾನು ಹಾಡುವುದು ಬಿಟ್ಟೆ ಎಂದು ಹೇಳಬೇಕಾಗುತ್ತದೆ. ಆ ನಾಚಿಕೆಗೆ ಮೇಷ್ಟ್ರು ಇವತ್ತು ನಾಳೆ ಎಂದು ದಿನ ದೂಡಿದ್ದರು. ಹಾಡಲು ಬರಬೇಡಿ ಎಂದು ಮಾತು ತೆಗೆದುಕೊಂಡವರು ಯಾರೇ ಆಗಲಿ, ಸುಮ್ಮನೆ ಬಂದು ಕೂರಬೇಡಿ ಎಂದು ಯಾರೂ ಹೇಳಿರಲಿಲ್ಲ. ಇದನ್ನು ಹೊರಿಸಲು ಬೀಗರಿಲ್ಲ, ಹೆಂಡತಿಯಿಲ್ಲ, ಮಗಳೂ ಇಲ್ಲ.

"ಯಾಕ ಸುಮ್ನಾದ್ರಿ?" ಚಿತ್ತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಸತ್ತಾರಲ್ಲ, ಇನ್ನ ಹಾಡ್ರಿ."

ಪೇಟಿ ಒಂದೇ ಸ್ವರದಲ್ಲಿ ಕೂಗುತ್ತಿತ್ತು. ಕೂತವರೆಲ್ಲ ತಾಳ ಹಿಡಿದು ಕಾಯುತ್ತಿದ್ದರು. ಮೇಷ್ಟ್ರು ಬಾಯಿ ತೆರೆದರು, ದನಿ ಏಳಲಿಲ್ಲ.